ರಾಮನಗರದ ಮಣಿಸರ

ರಾಮನಗರವೆಂದರೆ ಇಂದಿನವರಿಗೆ ರೇಷ್ಮೆಗೂಡಿನ ಮಾರುಕಟ್ಟೆ. ಇಲ್ಲವೆ 1975ರಲ್ಲಿ ತೆರೆಕಂಡ ‘ಶೋಲೆ’ ಚಿತ್ರದ ಬಂಡೆಗಳು. ಹಿಂದಿನವರಿಗೆ ಅದು ಕ್ಲೋಸ್‌ಪೇಟೆ. 1800ರ ಸುಮಾರಿಗೆ ದಿವಾನ್ ಪೂರ್ಣಯ್ಯನವರು ಕಾಡಿನ ನಡುವೆ ಹಾದುಹೋಗುವ ಹೆದ್ದಾರಿಯ ರಕ್ಷಣೆಗೆಂದು ಇಲ್ಲೊಂದು ಪೇಟೆಯನ್ನು ಕಟ್ಟಿಸಿ, ಮೈಸೂರಿನ ರೆಸಿಡೆಂಟನಾಗಿದ್ದ ಬ್ಯಾರಿ ಕ್ಲೋಸನ ಹೆಸರಿಟ್ಟರು. ಸ್ವಾತಂತ್ರ್ಯಾನಂತರ ಊರಿನ ಹೆಸರು ಬದಲಾಯಿತು. ಆದರೆ ಭೂವಿಜ್ಞಾನಿಗಳ ಗ್ರಂಥಗಳಲ್ಲಿ ಅಲ್ಲಿನ ಕಲ್ಲು ಇಂದಿಗೂ ಕ್ಲೋಸ್‌ಪೇಟೆ ಗ್ರಾನೈಟ್. ಚನ್ನಪಟ್ಟಣ, ಕನಕಪುರ, ಮಾಗಡಿಗಳನ್ನು ಕೂಡಿಸಿಕೊಂಡು 2007ರಲ್ಲಿ ರಾಮನಗರವು ಜಿಲ್ಲೆಯಾಯಿತು. 2025ರಲ್ಲಿ ರಾಜ್ಯ ಸರ್ಕಾರ ಆ ಜಿಲ್ಲೆಗೆ ಬೆಂಗಳೂರು ದಕ್ಷಿಣವೆಂದು ಹೆಸರಿಡಲು ತೀರ್ಮಾನಿಸಿತು. ಹೆಸರುಗಳ ಈ ಓಡಾಟದ ನಡುವೆ ಈ ಊರಿನ ಚರಿತ್ರೆಯ ಒಂದು ಪುಟವನ್ನು ನಾವು ಬಹುಮಟ್ಟಿಗೆ ಮರೆತಿದ್ದೇವೆ. 1952ರಿಂದ 1954ರವರೆಗೆ ರಾಮನಗರದಲ್ಲಿ ಮತ್ತು ಅದರ ಸುತ್ತಿನ ಹಳ್ಳಿಗಳಲ್ಲಿ ಒಂದು ವೈದ್ಯಕೀಯ ಪ್ರಯೋಗ ನಡೆಯಿತು. ಆ ಪ್ರಯೋಗವನ್ನು ಹೆಂಗಸರಿಗೆ ತಿಳಿಯಹೇಳುವ ಸಾಧನವಾಗಿ ಬಳಕೆಗೆ ಬಂದದ್ದು ಪುಸ್ತಕವಲ್ಲ, ಕರಪತ್ರವಲ್ಲ. ಬಣ್ಣದ ಮಣಿಗಳ ಒಂದು ಸರ.

ಮನುಷ್ಯರ ಮೇಲೆ ಹೊಸ ಔಷಧವನ್ನೋ ವಿಧಾನವನ್ನೋ ಕ್ರಮವರಿತು ಪರೀಕ್ಷಿಸುವುದಕ್ಕೆ ವೈದ್ಯರು ಕ್ಲಿನಿಕಲ್ ಟ್ರಯಲ್ ಎನ್ನುತ್ತಾರೆ. ರಾಮನಗರದ್ದನ್ನು ಅಂದಿನ ಅಧಿಕಾರಿಗಳು ಪೈಲಟ್ ಅಧ್ಯಯನವೆಂದು ಕರೆದರು. ಇಂದಿನ ಕಟ್ಟುನಿಟ್ಟಿನ ಅರ್ಥದಲ್ಲಿ ಅದು ಟ್ರಯಲ್ ಹೌದೋ ಅಲ್ಲವೋ ಎಂಬ ಚರ್ಚೆಯನ್ನು ಪಂಡಿತರಿಗೆ ಬಿಡೋಣ. ಒಂದು ವಿಧಾನ ಜನರಲ್ಲಿ ಫಲಿಸುತ್ತದೆಯೇ ಇಲ್ಲವೇ ಎಂಬುದು ಯಾರಿಗೂ ತಿಳಿಯದೆ ಇದ್ದಾಗ, ಅದನ್ನು ಜನರ ಬದುಕಿನೊಳಕ್ಕೆ ಇಳಿಸಿ ನೋಡಿದರು. ಫಲಿಸದಿದ್ದರೆ ಅದರ ಭಾರವನ್ನು ಹೊರಬೇಕಾದವಳು ಹೆಣ್ಣು. ನನ್ನ ಮಾತಿಗೆ ಅಷ್ಟು ಸಾಕು.

ರಾಮನಗರವನ್ನೇ ಏಕೆ ಆರಿಸಿಕೊಂಡರು? ಅದಕ್ಕೆ ಹಿನ್ನೆಲೆಯಿದೆ. ಆರೋಗ್ಯದ ವಿಷಯದಲ್ಲಿ ಹಳೆಯ ಮೈಸೂರು ಸಂಸ್ಥಾನ ಮುಂದಾಳುತನ ವಹಿಸಿತ್ತು. ಮಿರ್ಜಾ ಇಸ್ಮಾಯಿಲರು ದಿವಾನರಾಗಿದ್ದಾಗ, 1930ರ ಜೂನ್ ತಿಂಗಳಲ್ಲಿ, ಸಂತಾನ ನಿಯಂತ್ರಣದ ಸಲಹಾಕೇಂದ್ರಗಳನ್ನು ಸರ್ಕಾರಿ ಆಸ್ಪತ್ರೆಗಳಲ್ಲಿ ತೆರೆಯಲು ಆಜ್ಞೆಯಾಯಿತು. ಜಗತ್ತಿನಲ್ಲಿಯೇ ಒಂದು ಸರ್ಕಾರ ಇಂಥ ಕೆಲಸಕ್ಕೆ ಕೈಹಾಕಿದ್ದು ಅದೇ ಮೊದಲೆಂದು ಚರಿತ್ರಕಾರರು ಹೇಳುತ್ತಾರೆ. ಅದೇ ದಶಕದಲ್ಲಿ ಅಮೆರಿಕದ ರಾಕ್‌ಫೆಲರ್ ಪ್ರತಿಷ್ಠಾನದ ಸಹಕಾರದಿಂದ ಕ್ಲೋಸ್‌ಪೇಟೆಯಲ್ಲಿ ಗ್ರಾಮಾಂತರ ಆರೋಗ್ಯ ತರಬೇತಿಯ ಕೇಂದ್ರವೊಂದು ಬೆಳೆಯಿತು. ಮನೆಮನೆಗೆ ಹೋಗುವ ಆರೋಗ್ಯ ಸಂದರ್ಶಕಿಯರು, ಸೂಲಗಿತ್ತಿಯರ ತರಬೇತಿ, ಜನನ ಮರಣಗಳ ಲೆಕ್ಕ ಇವೆಲ್ಲ ಆ ಸೀಮೆಯ ಜನಕ್ಕೆ ಪರಿಚಿತವಾದವು. ಆದ್ದರಿಂದ ಹೊಸ ದೆಹಲಿಯಲ್ಲಿ ಕುಳಿತವರಿಗೆ ದಕ್ಷಿಣದಲ್ಲಿ ಒಂದು ಹಳ್ಳಿಗಾಡು ಬೇಕೆನಿಸಿದಾಗ, ದಾಖಲೆಗಳು ಸಿದ್ಧವಾಗಿರುವ ಊರಾಗಿ ಕಂಡದ್ದು ಇದು.

ದೆಹಲಿಯಲ್ಲಿ ಆಗ ಆರೋಗ್ಯ ಮಂತ್ರಿಯಾಗಿದ್ದವರು ರಾಜಕುಮಾರಿ ಅಮೃತ್ ಕೌರ್. ಗಾಂಧೀಜಿಯವರ ಆಪ್ತ ಶಿಷ್ಯೆ. ಜನಸಂಖ್ಯೆಯ ಪ್ರಶ್ನೆಯನ್ನು ಸರ್ಕಾರ ಎದುರಿಸಲೇಬೇಕೆಂದು ಮೊದಲನೆಯ ಪಂಚವಾರ್ಷಿಕ ಯೋಜನೆ ತೀರ್ಮಾನಿಸಿ 65 ಲಕ್ಷ ರೂಪಾಯಿಗಳನ್ನು ತೆಗೆದಿಟ್ಟಿತ್ತು. ಕೃತಕ ಸಾಧನಗಳು ಮಂತ್ರಿಣಿಯವರಿಗೆ ಸಮ್ಮತವಲ್ಲ. ಅವರ ಮನಸ್ಸಿಗೆ ಒಪ್ಪುವ ದಾರಿ ಒಂದೇ ಇತ್ತು: ಸಂಯಮಕ್ಕೆ ಹತ್ತಿರವಾದ, ‘ಸುರಕ್ಷಿತ ದಿನ’ಗಳನ್ನು ಎಣಿಸಿಕೊಳ್ಳುವ ಕ್ರಮ. 1951ರಲ್ಲಿ ಅವರು ವಿಶ್ವ ಆರೋಗ್ಯ ಸಂಸ್ಥೆಯ ನೆರವನ್ನು ಕೇಳಿದರು. ಸಂಸ್ಥೆ ನ್ಯೂಯಾರ್ಕಿನ ವೈದ್ಯ ಅಬ್ರಹಾಂ ಸ್ಟೋನ್ ಅವರನ್ನು ಕಳುಹಿಸಿತು. ಸ್ಟೋನ್ ಬೇರೆ ಸಾಧನಗಳನ್ನು ಪ್ರಚಾರ ಮಾಡಿ ಹೆಸರಾದವರು. ಆದರೆ ಇಲ್ಲಿ ಅವರಿಗೆ ಬಿಟ್ಟುಕೊಟ್ಟದ್ದು ಈ ಒಂದೇ ಕ್ರಮ. 1952ರ ವಿಶ್ವ ಆರೋಗ್ಯ ಸಭೆಯಲ್ಲಿ ಕ್ಯಾಥೊಲಿಕ್ ರಾಷ್ಟ್ರಗಳು ಈ ವಿಷಯವನ್ನೆತ್ತುವುದನ್ನೇ ವಿರೋಧಿಸಿದ್ದರಿಂದ, ಸಂಸ್ಥೆ ಅನಂತರ ಬಹುಕಾಲ ಅದರ ತಂಟೆಗೆ ಹೋಗಲಿಲ್ಲ. ಹೀಗೆ ಒಬ್ಬ ಮಂತ್ರಿಣಿಯ ಗಾಂಧೀನಿಷ್ಠೆ, ಒಬ್ಬ ಅಮೆರಿಕನ್ ವೈದ್ಯನ ಹೊಂದಾಣಿಕೆ, ಯೂರೋಪಿನ ಚರ್ಚಿನ ಮುನಿಸು ಇವೆಲ್ಲ ಸೇರಿ ರಾಮನಗರದ ಹೆಂಗಸರ ಕೈಗೆ ಮಣಿಸರವೊಂದನ್ನು ತಂದಿತ್ತವು. ದೆಹಲಿಯಲ್ಲಿಯೂ ಇನ್ನೊಂದು ಅಧ್ಯಯನ ನಡೆಯಿತು. ಅದು ಲೋದಿ ಕಾಲೊನಿಯಲ್ಲಿ, ಸರ್ಕಾರಿ ನೌಕರರ ವಸತಿಗಳಲ್ಲಿ.

ಸುರಕ್ಷಿತ ದಿನಗಳ ಶಾಸ್ತ್ರ ಆಗಿನ್ನೂ ಹಳೆಯದಲ್ಲ. 1920ರ ದಶಕದಲ್ಲಿ ಜಪಾನಿನ ಓಗಿನೋ, ಆಸ್ಟ್ರಿಯದ ಕ್ನಾಸ್ ಎಂಬಿಬ್ಬರು ವೈದ್ಯರು, ಒಬ್ಬರ ಕೆಲಸ ಒಬ್ಬರನ್ನು ಅವಲಂಬಿಸದೆ, ಒಂದು ಸಂಗತಿಯನ್ನು ಕಂಡುಕೊಂಡರು. ಮುಂದಿನ ಮುಟ್ಟು ಬರುವುದಕ್ಕೆ ಸುಮಾರು 14 ದಿನ ಮೊದಲು ಅಂಡ ಬಿಡುಗಡೆಯಾಗುತ್ತದೆ. ಅದರ ಆಚೀಚಿನ ಕೆಲವು ದಿನಗಳಲ್ಲಿ ಮಾತ್ರ ಗರ್ಭ ನಿಲ್ಲುವ ಸಂಭವ. ಹೇಳುವುದಕ್ಕೆ ಸುಲಭವಾದ ಮಾತು. ಆದರೆ ‘ಮುಂದಿನ’ ಮುಟ್ಟು ಯಾವಾಗ ಬರುತ್ತದೆಂದು ಇಂದೇ ತಿಳಿಯಬೇಕಾದರೆ ಹಿಂದಿನ ಹಲವು ತಿಂಗಳುಗಳ ಲೆಕ್ಕ ಬೇಕು. ಆ ಲೆಕ್ಕ ಪ್ರತಿಯೊಬ್ಬಳಿಗೂ ಬೇರೆ. ಬಾಣಂತನದಲ್ಲಿ, ಮಗು ಹಾಲು ಕುಡಿಯುವ ಕಾಲದಲ್ಲಿ, ಲೆಕ್ಕವೇ ಸಿಗದು. ಹೆರಿಗೆ, ಹಾಲೂಡಿಕೆ, ಮತ್ತೆ ಹೆರಿಗೆ ಎಂದು ಪ್ರಾಯವೆಲ್ಲ ಕಳೆದುಹೋಗುತ್ತಿದ್ದ ಅಂದಿನ ಹಳ್ಳಿಗಳಲ್ಲಿ ಕ್ರಮವಾಗಿ ತಿಂಗಳು ತಿಂಗಳೂ ಮುಟ್ಟಾಗುವ ಹೆಂಗಸರೇ ಕಡಮೆ. ಈ ಕ್ರಮ ಯಾರಿಗೆ ಹೆಚ್ಚು ಬೇಕಾಗಿತ್ತೋ ಅವರಿಗೇ ಕಡಮೆ ಒಗ್ಗುವಂಥದು.

ಇನ್ನು ಇದನ್ನು ತಿಳಿಸಿಕೊಡುವ ಪ್ರಶ್ನೆ. 1951ರ ಜನಗಣತಿಯಂತೆ ಭಾರತದ ಹೆಂಗಸರಲ್ಲಿ ಅಕ್ಷರ ಬಲ್ಲವರು ನೂರಕ್ಕೆ 8.86 ಮಾತ್ರ. ಕರಪತ್ರ ಅಚ್ಚುಹಾಕಿ ಹಂಚಿದರೆ ಅದನ್ನು ಓದುವವರು ಯಾರು? ಓದಿದರೂ ಗಂಡನೋ ಮೈದುನನೋ ಓದಿ ಹೇಳಬೇಕು. ಹೇಳುವಂಥ ವಿಷಯವೇ ಇದು? ಆದ್ದರಿಂದ ಮಣಿಸರ. ಒಂದೊಂದು ಮಣಿ ಒಂದೊಂದು ದಿನ. ಹಸಿರು ಮಣಿಯ ದಿನ ನಿರ್ಭಯ. ಕೆಂಪು ಮಣಿಯ ದಿನ ಮಗುವಾಗುವ ದಿನ, ದೂರವಿರಬೇಕು. ಮೊದಲು ಅವಳ ತಿಂಗಳ ಲೆಕ್ಕವನ್ನು ಕೆಲವು ಕಾಲ ಬರೆದಿಟ್ಟು, ಅದಕ್ಕೆ ತಕ್ಕಂತೆ ಸರವನ್ನು ಪೋಣಿಸಿಕೊಡುವುದು; ಅವಳು ದಿನಕ್ಕೊಂದು ಮಣಿ ಸರಿಸುತ್ತ ಹೋಗುವುದು. ಕಾಗದದ ಮೇಲೆ ಬರೆಯಬೇಕಾದದ್ದನ್ನು ನೂಲಿನಲ್ಲಿ ಬರೆದಂತಾಯಿತು. ಉಪಾಯ ಜಾಣತನದ್ದೇ ಸರಿ. ಇದನ್ನು ಕೇಳಿ ನಗುವವರನ್ನು ನಾನು ಒಪ್ಪುವುದಿಲ್ಲ. ಅಕ್ಷರ ಬಾರದವಳನ್ನು ಲೆಕ್ಕಕ್ಕೆ ತೆಗೆದುಕೊಂಡು, ಅವಳ ಕೈಗೆ ಸಿಗುವ ಭಾಷೆಯೊಂದನ್ನು ಹುಡುಕಿದವರು ಅವರು.

ಮುಂದೆ ಆದದ್ದನ್ನು ಅಂದಿನ ಬರಹಗಳು ದಾಖಲಿಸಿವೆ. ರಾತ್ರಿ ದೀಪವಿಲ್ಲದ ಮನೆಯಲ್ಲಿ ಬಣ್ಣ ಗುರುತು ಹತ್ತುವುದಿಲ್ಲವೆಂಬ ದೂರು ಬಂತು. ಕೈಗೆ ತಿಳಿಯಲೆಂದು ಮಣಿಗಳ ಆಕಾರವನ್ನು ಬದಲಾಯಿಸಿದರು. ಕೆಲವರು ಮಣಿಯನ್ನು ಹಿಂದುಮುಂದಾಗಿ ಸರಿಸಿದರು. ಒಂದೇ ದಿಕ್ಕಿಗೆ ಸರಿಯುವಂತೆ ಕೊಂಡಿ ಇಟ್ಟರು. ಸರವನ್ನು ಕೊರಳಲ್ಲಿ ಹಾಕಿಕೊಳ್ಳಲು ಹಲವರು ನಾಚಿದರು. ಮತ್ತೆ ಕೆಲವರು, ಮಣಿ ಸರಿಸಿದರೆ ಸಾಕು, ಮಗುವಾಗುವುದಿಲ್ಲವೆಂದು ನಂಬಿದರು. ಎರಡು ಕಡೆಯೂ ಆರಂಭದಲ್ಲಿ ಮುಕ್ಕಾಲು ಪಾಲಿನಷ್ಟು ದಂಪತಿಗಳು ಕಲಿಯಲು ಆಸಕ್ತಿ ತೋರಿದ್ದರು. ಕೊನೆಯವರೆಗೆ ಕ್ರಮ ತಪ್ಪದೆ ಅನುಸರಿಸಿದವರು ಅದರಲ್ಲಿ ಅತ್ಯಲ್ಪ. 1954ರಲ್ಲಿ ವರದಿ ಸಿದ್ಧವಾಯಿತು. ದೇಶಕ್ಕೆ ಈ ದಾರಿ ಸಾಲದೆಂಬುದು ಎಲ್ಲರಿಗೂ ಮನವರಿಕೆಯಾಗಿತ್ತು.

ಮಣಿ ಸರಿಸಿದರೆ ಸಾಕೆಂದು ನಂಬಿದ ಹೆಂಗಸಿನ ಕಥೆ ಅಂದಿನಿಂದ ಇಂದಿನವರೆಗೆ ಪರದೇಶದ ಪುಸ್ತಕಗಳಲ್ಲಿ ವಿನೋದದ ಪ್ರಸಂಗವಾಗಿ ಬಂದುಹೋಗುತ್ತಿದೆ. ಅಜ್ಞಾನಕ್ಕೆ ಉದಾಹರಣೆಯೆಂದು ಅದನ್ನು ಹೇಳುವವರಿದ್ದಾರೆ. ನನಗೆ ಹಾಗೆ ತೋರುವುದಿಲ್ಲ. ಅವಳು ಓದು ಬಾರದವಳಲ್ಲ. ಅವಳಿಗೆ ಮಣಿಗಳನ್ನು ಓದಲು ಬರುತ್ತಿತ್ತು. ಆದರೆ ಅವಳ ನಿಘಂಟು ಬೇರೆ.

ಆ ನಿಘಂಟನ್ನು ಸ್ವಲ್ಪ ತೆರೆದು ನೋಡೋಣ. ನಮ್ಮ ಹೆಂಗಸರ ಕೊರಳಲ್ಲಿ ಕರಿಮಣಿ ಇದೆ. ಅದು ಲೆಕ್ಕವಿಡುವ ಸಾಧನವಲ್ಲ, ಗಂಡನ ಆಯುಷ್ಯವನ್ನು ಕಾಯುವ ವಸ್ತು. ಮಗುವಿನ ತೋಳಿನಲ್ಲಿ ತಾಯತವಿದೆ. ಅದು ಇದ್ದರೆ ಸಾಕು, ದೃಷ್ಟಿ ತಾಗದು. ಅಜ್ಜಿಯ ಕೈಯಲ್ಲಿ ಜಪಮಾಲೆಯಿದೆ. ಮಣಿಯೊಂದನ್ನು ಸರಿಸಿದರೆ ಅಷ್ಟು ಪುಣ್ಯ. ಸರಿಸುವ ಕ್ರಿಯೆಯಲ್ಲಿಯೇ ಫಲವಿದೆಯೆಂದು ತಲೆತಲಾಂತರದಿಂದ ಕಲಿತವಳಿಗೆ ಸರ್ಕಾರದ ಕಡೆಯವರು ಒಂದು ಮಣಿಸರ ಕೊಟ್ಟು ದಿನಕ್ಕೊಂದು ಸರಿಸು ಎಂದರೆ ಅವಳು ಏನೆಂದು ತಿಳಿಯಬೇಕು?

ಬಣ್ಣದ ಮಾತು ಇನ್ನೂ ಸ್ವಾರಸ್ಯವಾದದ್ದು. ಹಸಿರಿಗೆ ನಿರ್ಭಯ, ಕೆಂಪಿಗೆ ಅಪಾಯ ಎಂಬುದು ರೈಲುದಾರಿಯ ಭಾಷೆ. ನಮ್ಮ ಮನೆಗಳಲ್ಲಿ ಹಸಿರು ಎಂದರೆ ಬಸಿರಿನ ಬಣ್ಣ. ಸೀಮಂತದಲ್ಲಿ ಬಸುರಿಗೆ ತೊಡಿಸುವುದು ಹಸಿರು ಬಳೆ, ಉಡಿಸುವುದು ಹಸಿರು ಸೀರೆ. ಕೆಂಪು ಕುಂಕುಮದ ಬಣ್ಣ. ಮುಟ್ಟಿನ ಬಣ್ಣವೂ ಹೌದು. ಮಗು ಆಗದ ದಿನಗಳಿಗೆ ಹಸಿರು, ಆಗುವ ದಿನಗಳಿಗೆ ಕೆಂಪು ಎಂದು ಪೋಣಿಸಿದವರು ಅವಳ ಲೋಕವನ್ನು ತಲೆಕೆಳಗು ಮಾಡಿ ಪೋಣಿಸಿದಂತಾಯಿತು. ರಾಮನಗರದಿಂದ ಹತ್ತು ಹನ್ನೆರಡು ಕಿಲೋಮೀಟರು ದೂರದ ಚನ್ನಪಟ್ಟಣದಲ್ಲಿ, ಹಾಲೆಮರವನ್ನು ಕಡೆದು ಅರಗಿನ ಬಣ್ಣ ಹಚ್ಚುವ ಕುಶಲಿಗಳು ತಲೆಮಾರುಗಳಿಂದ ಇದ್ದವರು. ಯಾವ ಬಣ್ಣದ ಮಣಿ ಯಾರ ಮನೆಗೆ, ಯಾವ ಶುಭಕ್ಕೆ ಎಂದು ಅವರಲ್ಲಿ ಒಬ್ಬರನ್ನು ಕೇಳಿದ್ದರೂ ಈ ತೊಡಕು ತಿಳಿಯುತ್ತಿತ್ತು.

ನಾಚಿಕೆಯ ವಿಷಯವೂ ಹಾಗೆಯೇ. ಹೊರಗಾದ ಮೂರು ದಿನ ಹೆಂಗಸು ಬೇರೆ ಕುಳಿತುಕೊಳ್ಳುತ್ತಿದ್ದ ಕಾಲ ಅದು. ಅವಳ ತಿಂಗಳ ಲೆಕ್ಕ ಅತ್ತೆಗೆ, ಓರಗಿತ್ತಿಗೆ, ನೆರೆಮನೆಗೆ ಗೊತ್ತು. ಅದರಲ್ಲಿ ಗುಟ್ಟೇನೂ ಇರಲಿಲ್ಲ. ಗುಟ್ಟಾಗಿ ಉಳಿದಿದ್ದುದು ಉಳಿದ ದಿನಗಳು ಮಾತ್ರ. ಮಣಿಸರ ಆ ಗುಟ್ಟನ್ನೂ ಬಯಲು ಮಾಡಿತು. ಇಂದು ಹಸಿರೋ ಕೆಂಪೋ ಎಂಬುದನ್ನು ಅತ್ತೆಯೂ ಓದಬಲ್ಲಳು. ಅಕ್ಷರ ಬಾರದವರಿಗೆಲ್ಲ ಅರ್ಥವಾಗುವ ಭಾಷೆಯೆಂದರೆ ಮನೆಯವರಿಗೆಲ್ಲ ಅರ್ಥವಾಗುವ ಭಾಷೆಯೂ ಹೌದಲ್ಲವೆ? ಕಾಗದಕ್ಕೆ ಇರುವ ಒಂದು ಗುಣ ಇಲ್ಲಿ ತೋರುತ್ತದೆ: ಅದನ್ನು ಮಡಿಸಿ ಪೆಟ್ಟಿಗೆಯಲ್ಲಿಡಬಹುದು.

ಇದಕ್ಕಿಂತ ದೊಡ್ಡದೊಂದು ಕೊರತೆ ಮಣಿಸರಕ್ಕಿತ್ತು. ಇಂದು ಏನು ಮಾಡಬೇಕೆಂಬುದನ್ನು ಅದು ಹೇಳಬಲ್ಲುದು. ಏಕೆ ಮಾಡಬೇಕೆಂದು ಹೇಳಲಾರದು. ‘ಇದು ಖಂಡಿತವಲ್ಲ, ನಾವು ಪರೀಕ್ಷಿಸಿ ನೋಡುತ್ತಿದ್ದೇವೆ, ಎಣಿಕೆ ತಪ್ಪದಿದ್ದರೂ ನೀನು ಬಸುರಾಗಬಹುದು’ ಎಂದಂತೂ ಎಂದಿಗೂ ಹೇಳಲಾರದು. ಮಣಿಗೆ ಎರಡೇ ಬಣ್ಣ, ಸಂದೇಹಕ್ಕೆ ಮಣಿಯಿಲ್ಲ. ಪ್ರಯೋಗಕ್ಕೆ ಒಳಗಾಗುವವರಿಗೆ ಎಲ್ಲಕ್ಕಿಂತ ಮೊದಲು ತಿಳಿಯಬೇಕಾದದ್ದು ಈ ಸಂದೇಹವೇ. ಔಷಧ ಕೊಡುವ ವೈದ್ಯನಿಗೂ ಪ್ರಯೋಗ ಮಾಡುವ ವೈದ್ಯನಿಗೂ ಇರುವ ವ್ಯತ್ಯಾಸವೆಂದರೆ ಇಷ್ಟೆ: ಮೊದಲನೆಯವನು ತನಗೆ ಗೊತ್ತೆಂದು ಕೊಡುತ್ತಾನೆ, ಎರಡನೆಯವನು ತನಗೆ ಗೊತ್ತಿಲ್ಲವೆಂದು ಕೊಡುತ್ತಾನೆ. ಆ ‘ಗೊತ್ತಿಲ್ಲ’ವನ್ನು ರೋಗಿಗೆ ದಾಟಿಸುವುದಕ್ಕಾಗಿಯೇ ಬರೆಹ ಬೇಕಾದದ್ದು.

ಅಂದಿನವರನ್ನು ಇಂದಿನ ತಕ್ಕಡಿಯಲ್ಲಿ ತೂಗುವುದು ನ್ಯಾಯವಲ್ಲ. ರಾಮನಗರದ ಅಧ್ಯಯನಕ್ಕೆ ನಾಲ್ಕು ವರ್ಷ ಮುಂಚೆ, 1948ರಲ್ಲಿ, ಕ್ಷಯರೋಗಕ್ಕೆ ಸ್ಟ್ರೆಪ್ಟೊಮೈಸಿನ್ ಕೊಟ್ಟು ನೋಡಿದ ಪ್ರಸಿದ್ಧ ಪ್ರಯೋಗದ ವರದಿ ಬ್ರಿಟನ್ನಿನಲ್ಲಿ ಪ್ರಕಟವಾಯಿತು. ಅದರಲ್ಲಿ 107 ರೋಗಿಗಳಿದ್ದರು. 55 ಮಂದಿಗೆ ಔಷಧವೂ ವಿಶ್ರಾಂತಿಯೂ, 52 ಮಂದಿಗೆ ಬರಿಯ ವಿಶ್ರಾಂತಿ. ಯಾರಿಗೆ ಯಾವುದೆಂದು ಲೆಕ್ಕಶಾಸ್ತ್ರದ ಪ್ರಕಾರ ಮುಚ್ಚಿದ ಲಕೋಟೆಗಳಿಂದ ನಿರ್ಧಾರವಾಯಿತು. ಆಧುನಿಕ ಪ್ರಯೋಗಗಳಿಗೆಲ್ಲ ಮೇಲ್ಪಂಕ್ತಿಯೆನಿಸಿದ ಆ ಅಧ್ಯಯನದಲ್ಲಿ ಔಷಧ ಸಿಗದವರಿಗೆ ತಾವೊಂದು ಪ್ರಯೋಗದಲ್ಲಿದ್ದೇವೆಂಬುದೇ ತಿಳಿದಿರಲಿಲ್ಲ. ಅದಕ್ಕೆ ಹಿಂದಿನ ವರ್ಷವಷ್ಟೆ, 1947ರಲ್ಲಿ, ನಾಜಿ ವೈದ್ಯರ ವಿಚಾರಣೆ ಮುಗಿದು, ಪ್ರಯೋಗಕ್ಕೆ ಒಳಗಾಗುವವನು ಅದನ್ನು ತಿಳಿದು ಅರಿತು ಸ್ವಯಿಚ್ಛೆಯಿಂದ ಒಪ್ಪಬೇಕೆಂಬ ಸೂತ್ರವನ್ನು ನ್ಯೂರೆಂಬರ್ಗಿನ ನ್ಯಾಯಾಧೀಶರು ಬರೆದಿದ್ದರು. ಬರೆದದ್ದು ಆಸ್ಪತ್ರೆಯ ಒಳಕ್ಕೆ ಬರಲು ಬಹಳ ಕಾಲ ಹಿಡಿಯಿತು.

ನಮ್ಮ ದೇಶದಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 1980ರಲ್ಲಿ ಮೊದಲ ನೀತಿನಿರೂಪಣೆಯನ್ನೂ, 2000ದಲ್ಲಿ ವಿಸ್ತಾರವಾದ ಮಾರ್ಗಸೂಚಿಯನ್ನೂ ಹೊರಡಿಸಿತು. 2009ರ ಜೂನ್‌ನಿಂದ ಪ್ರತಿಯೊಂದು ಔಷಧ ಪ್ರಯೋಗವನ್ನೂ ಸಾರ್ವಜನಿಕ ದಾಖಲೆಯಲ್ಲಿ ನೋಂದಾಯಿಸುವುದು ಕಡ್ಡಾಯವಾಯಿತು. 2019ರ ಹೊಸ ನಿಯಮಗಳ ಪ್ರಕಾರ ರೋಗಿಗೆ ಮಾಹಿತಿ ಪತ್ರವನ್ನು ಕೊಡಲೇಬೇಕು. ಇದು ಸಂಶೋಧನೆಯೆಂದು ಅದರಲ್ಲಿ ಸ್ಪಷ್ಟವಾಗಿ ಹೇಳಬೇಕು. ಎಷ್ಟು ಕಾಲ, ಏನು ತೊಂದರೆ, ಬೇರೆ ಚಿಕಿತ್ಸೆ ಯಾವುದಿದೆ, ಹಾನಿಯಾದರೆ ಪರಿಹಾರವೇನು, ಯಾವಾಗ ಬೇಕಾದರೂ ಬಿಟ್ಟುಹೋಗಬಹುದೆಂಬ ಹಕ್ಕು, ಇಷ್ಟನ್ನೂ ಹೇಳಬೇಕು. ಅದು ರೋಗಿಗೆ ತಿಳಿಯುವ ಭಾಷೆಯಲ್ಲಿರಬೇಕು. ಓದು ಬಾರದವರಿಗೆ ಸಂಬಂಧಪಡದ ಸಾಕ್ಷಿಯೊಬ್ಬರು ಪಕ್ಕದಲ್ಲಿರಬೇಕು. ಒಂದು ಪ್ರತಿ ರೋಗಿಯ ಕೈಯಲ್ಲಿ ಉಳಿಯಬೇಕು. ರಾಮನಗರದ ಹೆಂಗಸಿಗೆ ಸಿಗದಿದ್ದ ಹಕ್ಕುಗಳನ್ನೆಲ್ಲ ಕಾನೂನು ಅವಳ ಮೊಮ್ಮಗಳಿಗೆ ಕೊಟ್ಟಿದೆ. 2011ರ ಜನಗಣತಿಯ ಹೊತ್ತಿಗೆ ಈ ಜಿಲ್ಲೆಯಲ್ಲಿ ಹತ್ತರಲ್ಲಿ ಏಳರಷ್ಟು ಮಂದಿ ಓದುಬಲ್ಲವರೂ ಆಗಿದ್ದರು.

ಕಾಗದ ಬಂತು, ತಿಳಿವಳಿಕೆ ಬಂತೆ? 2009ರಲ್ಲಿ ಆಂಧ್ರದ ಖಮ್ಮಂ ಮತ್ತು ಗುಜರಾತಿನ ವಡೋದರಾ ಜಿಲ್ಲೆಗಳಲ್ಲಿ ಗರ್ಭಕೊರಳಿನ ಕ್ಯಾನ್ಸರನ್ನು ತಡೆಯುವ ಲಸಿಕೆಯ ಅಧ್ಯಯನ ನಡೆದಾಗ, ಎಷ್ಟೋ ಹುಡುಗಿಯರ ಒಪ್ಪಿಗೆ ಪತ್ರಗಳಿಗೆ ಹಾಸ್ಟೆಲ್ಲಿನ ವಾರ್ಡನ್ನರೇ ಸಹಿ ಹಾಕಿದ್ದರೆಂಬುದು ಹೊರಬಿತ್ತು. 2010ರಲ್ಲಿ ಅದನ್ನು ನಿಲ್ಲಿಸಲಾಯಿತು. 2013ರಲ್ಲಿ ಸಂಸತ್ತಿನ ಸಮಿತಿ ಅದನ್ನು ಕಟುವಾಗಿ ಟೀಕಿಸಿತು. ಅದೇ ವರ್ಷ ಸರ್ವೋಚ್ಚ ನ್ಯಾಯಾಲಯದ ಮುಂದೆ ಔಷಧ ಪ್ರಯೋಗಗಳ ಪ್ರಕರಣ ನಡೆಯುತ್ತಿದ್ದಾಗ, ಒಪ್ಪಿಗೆ ಪಡೆಯುವ ಮಾತುಕತೆಯನ್ನು ದೃಶ್ಯ ಧ್ವನಿ ಸಹಿತ ಮುದ್ರಿಸಿಕೊಳ್ಳಬೇಕೆಂಬ ನಿಯಮವೂ ಬಂತು. ಲಸಿಕೆಯ ಗುಣದ ಮಾತು ಬೇರೆ, ಅದು ಉಪಯುಕ್ತವಾದದ್ದೇ. ಸಹಿಯ ಕೆಳಗೆ ತಿಳಿವಳಿಕೆ ಇರಲಿಲ್ಲವೆಂಬುದು ಇಲ್ಲಿನ ಮಾತು.

ಹಳ್ಳಿಯವರು ‘ಹೂಂ’ ಎನ್ನುವುದರಲ್ಲಿ ದಾಕ್ಷಿಣ್ಯದ ಪಾಲೆಷ್ಟು ಎಂಬುದನ್ನೂ ಗಮನಿಸಬೇಕು. ರಾಮನಗರದ ಕಾಲದಲ್ಲೇ ಪಂಜಾಬಿನ ಖನ್ನಾ ಎಂಬಲ್ಲಿ ಹಾರ್ವರ್ಡಿನವರು ನಡೆಸಿದ ಅಧ್ಯಯನದ ಹಳ್ಳಿಗೆ ಮಹಮೂದ್ ಮಮ್ದಾನಿ ಎಂಬ ವಿದ್ವಾಂಸರು ಅನಂತರ ಹೋಗಿ ವಿಚಾರಿಸಿದರು. ಮಾತ್ರೆಗಳನ್ನು ಬೇಡವೆನ್ನದೆ ತೆಗೆದುಕೊಂಡವರು ಅದನ್ನು ಬಳಸಿರಲೇ ಇಲ್ಲ. ಅಷ್ಟು ದೂರದಿಂದ ಬಂದವರಿಗೆ ಇಲ್ಲವೆನ್ನುವುದು ಹೇಗೆಂದು ಇಸಿದುಕೊಂಡಿದ್ದರು. 1972ರಲ್ಲಿ ಬಂದ ಅವರ ಪುಸ್ತಕ ಈ ಸಂಗತಿಯಿಂದಲೇ ಪ್ರಸಿದ್ಧವಾಯಿತು. ನಮ್ಮ ಮುಕ್ಕಾಲು ಪಾಲಿನ ಆಸಕ್ತಿಯೊಳಗೂ ಇಂಥ ದಾಕ್ಷಿಣ್ಯ ಸ್ವಲ್ಪವಾದರೂ ಇದ್ದಿರಬೇಕೆಂದು ನಾನು ಊಹಿಸುತ್ತೇನೆ. ಮನೆಗೆ ಬಂದ ಡಾಕ್ಟರಮ್ಮನಿಗೆ ಎದುರಾಡುವ ಪದ್ಧತಿ ನಮ್ಮ ಸೀಮೆಯಲ್ಲಿ ಇಲ್ಲ.

ಇನ್ನು ಕನ್ನಡದ ಮಾತು. ಸಾಹಿತ್ಯಾಭಿಮಾನಿಗಳು ಕಿವಿಗೊಡಬೇಕಾದ ಭಾಗ ಇದು. ರಾಮನಗರ, ಮಾಗಡಿಗಳಿಂದ ಬೆಂಗಳೂರಿನ ದೊಡ್ಡ ಆಸ್ಪತ್ರೆಗಳಿಗೆ ಬರುವ ರೋಗಿಯ ಕೈಗೆ ಕನ್ನಡದ ಮಾಹಿತಿ ಪತ್ರ ಸಿಗುತ್ತದೆ, ನಿಜ. ಅದು ಸಾಮಾನ್ಯವಾಗಿ ಇಂಗ್ಲಿಷಿನಲ್ಲಿ ಹುಟ್ಟಿ, ಕನ್ನಡಕ್ಕೆ ತಿರುಗಿ, ಸರಿಯಾಗಿದೆಯೇ ಎಂದು ನೋಡಲು ಮತ್ತೆ ಇಂಗ್ಲಿಷಿಗೆ ಹೋಗಿ ಬಂದ ಬರೆಹ. ಇಂಗ್ಲಿಷಿಗೆ ಸರಿಯಾಗಿ ಹಿಂದಿರುಗಿದರೆ ಅನುವಾದ ತೇರ್ಗಡೆ. ಶಬ್ದಕ್ಕೆ ಶಬ್ದ ಜೋಡಿಸಿದ ಕನ್ನಡ ಬಹಳ ಸುಖವಾಗಿ ಹಿಂದಿರುಗುತ್ತದೆ. ಜೀವಂತ ಕನ್ನಡ ಹಿಂದಿರುಗಲು ಸ್ವಲ್ಪ ತೊಡರುತ್ತದೆ. ಆದಕಾರಣ ಈ ಪರೀಕ್ಷೆಯಲ್ಲಿ ಕೆಟ್ಟ ಕನ್ನಡಕ್ಕೇ ಹೆಚ್ಚು ಅಂಕ.

‘ಪ್ರಯೋಗ’ ಎಂಬ ಪದವನ್ನೇ ತೆಗೆದುಕೊಳ್ಳಿ. ವಿದ್ಯಾವಂತರಿಗೆ ಅದು ವಿಜ್ಞಾನಶಾಲೆಯ ಪದ. ಕನಕಪುರದ ಆಚೆಯ ಹಳ್ಳಿಯಲ್ಲಿ ‘ಯಾರೋ ಪ್ರಯೋಗ ಮಾಡಿಸಿದ್ದಾರೆ’ ಎಂದರೆ ಮಾಟ ಮಾಡಿಸಿದ್ದಾರೆಂದು ಅರ್ಥ. ‘ಮದ್ದು’ ಒಳ್ಳೆಯ ಅಚ್ಚಗನ್ನಡ ಶಬ್ದ. ಆದರೆ ‘ಮದ್ದು ಹಾಕಿದರು’ ಎಂದರೆ ಅನ್ನದಲ್ಲಿ ವಿಷವಿಕ್ಕಿದರು ಎಂಬ ಭಯ. ಔಷಧವಿಲ್ಲದ ಗುಳಿಗೆಗೆ ‘ಹುಸಿಮದ್ದು’ ಎಂದು ಬರೆದುಬಿಟ್ಟರೆ ರೋಗಿ ತನ್ನನ್ನು ಮೋಸ ಮಾಡುತ್ತಿದ್ದಾರೆಂದೇ ತಿಳಿಯಬಹುದು. ‘ಪರೀಕ್ಷೆ’ ಎಂದರೆ ರಕ್ತ ಮೂತ್ರಗಳ ಪರೀಕ್ಷೆ. ಅದನ್ನು ಯಾರು ಬೇಡವೆಂದಾರು? ಇನ್ನು ಹೆಬ್ಬೆಟ್ಟು. ಸಾಲಪತ್ರಕ್ಕೆ ಹೆಬ್ಬೆಟ್ಟೊತ್ತಿ ಹೊಲ ಕಳೆದುಕೊಂಡವರ ಕಥೆ ಯಾವ ಹಳ್ಳಿಯಲ್ಲಿಲ್ಲ? ಒಪ್ಪಿಗೆ ಪತ್ರ ರೋಗಿಯ ರಕ್ಷಣೆಗೆಂದು ಕಾನೂನು ಹೇಳುತ್ತದೆ. ರೋಗಿಯ ನೆನಪು ಹೇಳುವುದೇ ಬೇರೆ. ಅವನ ಕಣ್ಣಿಗೆ ಕಾಗದವೆಂಬುದು ಯಾವಾಗಲೂ ಎದುರಿನವನ ರಕ್ಷಣೆಗೆ ಇರುವ ವಸ್ತು. ಮಣಿಸರವನ್ನು ತಾಯತವೆಂದು ಓದಿದ ಹಾಗೆಯೇ ಇದು.

ಅದೇ ಹಳ್ಳಿಯ ಮಾತಿನಲ್ಲಿ ಬೇಕಾದ ಪದಗಳೂ ಇವೆ. ಯಾರಿಗೆ ಯಾವ ಔಷಧವೆಂಬುದನ್ನು ವೈದ್ಯರು ಆರಿಸುವುದಿಲ್ಲ, ಅದೃಷ್ಟಕ್ಕೆ ಬಿಡುತ್ತಾರೆಂಬುದಕ್ಕೆ ಅನುವಾದಕರು ‘ಯಾದೃಚ್ಛಿಕ ಹಂಚಿಕೆ’ ಎಂದು ಬರೆಯುತ್ತಾರೆ. ಸಂಸ್ಕೃತ ಬಲ್ಲವರೂ ಎರಡು ಸಲ ಓದಬೇಕು. ‘ಚೀಟಿ ಎತ್ತುವುದು’ ಎಂದರೆ ಮಾಗಡಿಯ ಅಜ್ಜಿಗೂ ತಿಳಿದೀತು. ಅಣ್ಣತಮ್ಮಂದಿರ ಪಾಲಿನಲ್ಲಿ, ದೇವರ ಮುಂದೆ, ಯಾರಿಗೂ ಪಕ್ಷಪಾತವಾಗದಿರಲೆಂದು ಮಾಡುವ ಕೆಲಸ ಅದು. ನ್ಯಾಯದ ಅರ್ಥ ಅದರೊಳಗೇ ಇದೆ. ‘ನೋಡೋಣ’ ಎಂಬ ಒಂದು ಮಾತಿದೆ. ‘ಈ ಔಷಧ ವಾಸಿಮಾಡುತ್ತದೋ ಇಲ್ಲವೋ ನಮಗೂ ತಿಳಿಯದು, ಕೊಟ್ಟು ನೋಡುತ್ತಿದ್ದೇವೆ’ ಎಂದರೆ ಇಪ್ಪತ್ತು ಪುಟದ ಪತ್ರದ ಮೂಲಾರ್ಥ ಒಂದು ವಾಕ್ಯದಲ್ಲಿ ಬಂದುಹೋಯಿತು. ಈ ವಾಕ್ಯವನ್ನು ಬರೆಯಲು ಭಾಷಾಜ್ಞಾನಕ್ಕಿಂತ ಹೆಚ್ಚಾಗಿ ಧೈರ್ಯ ಬೇಕು. ‘ನಮಗೆ ತಿಳಿಯದು’ ಎಂದು ರೋಗಿಯ ಮುಂದೆ ಒಪ್ಪಿಕೊಳ್ಳುವ ಅಭ್ಯಾಸ ಯಾವ ಕಾಲದ ವೈದ್ಯರಿಗೂ ಸುಲಭವಾಗಿ ಬಂದದ್ದಲ್ಲ.

ಇಂಥ ಕನ್ನಡವನ್ನು ಬರೆದವರು ನಮ್ಮಲ್ಲಿ ಇಲ್ಲದೆ ಇಲ್ಲ. ಬೆಳ್ಳಾವೆ ವೆಂಕಟನಾರಣಪ್ಪನವರ ಬಳಗ 1918ರಲ್ಲಿಯೇ ‘ವಿಜ್ಞಾನ’ವೆಂಬ ಮಾಸಪತ್ರಿಕೆ ನಡೆಸಿತು. ‘ಕೊರವಂಜಿ’ಯ ರಾಶಿಯವರು, ಎಂದರೆ ಡಾಕ್ಟರ್ ಶಿವರಾಮರು, ನಗಿಸುವ ಕೈಯಿಂದಲೇ ಆರೋಗ್ಯದ ಪುಸ್ತಕಗಳನ್ನೂ ಬರೆದರು. ಅನುಪಮಾ ನಿರಂಜನರು ವೈದ್ಯೆಯಾಗಿ ಹೆಂಗಸರಿಂದ ಕೇಳಿದ್ದನ್ನು ಕಾದಂಬರಿಗಾರ್ತಿಯಾಗಿ ಬರೆಯಬಲ್ಲವರಾಗಿದ್ದರು. ಹೆಂಗಸರು ಮನೆಯಲ್ಲಿ ಕೇಳಲಾರದ ಪ್ರಶ್ನೆಗಳಿಗೆ ‘ದಾಂಪತ್ಯ ದೀಪಿಕೆ’ಯಂಥ ಅವರ ಪುಸ್ತಕಗಳು ಉತ್ತರ ಹೇಳಿದವು. ಮಾಹಿತಿ ಪತ್ರ ಬರೆಯಿಸುವವರು ಒಮ್ಮೆ ಈ ಪುಸ್ತಕಗಳನ್ನು ತೆರೆದು ನೋಡಿದರೆ, ದೇಹದ ವಿಷಯವನ್ನು ಕನ್ನಡದಲ್ಲಿ ನಾಚದೆ, ಹೆದರಿಸದೆ ಹೇಳುವುದು ಸಾಧ್ಯವೆಂದು ಕಾಣುತ್ತದೆ.

ಮಣಿಸರದ ಕಥೆ ರಾಮನಗರಕ್ಕೇ ಮುಗಿಯಲಿಲ್ಲ. ಸುಮಾರು ಅರ್ಧ ಶತಮಾನ ಕಳೆದ ಮೇಲೆ ಅಮೆರಿಕದ ಜಾರ್ಜ್‌ಟೌನ್ ವಿಶ್ವವಿದ್ಯಾಲಯದವರು ಅದನ್ನು ಹೊಸದಾಗಿ ಪೋಣಿಸಿದರು. ಈ ಬಾರಿ 32 ಮಣಿಗಳು. ಮುಟ್ಟಿನ ಮೊದಲ ದಿನಕ್ಕೆ ಒಂದು ಕೆಂಪು ಮಣಿ, ದೂರವಿರಬೇಕಾದ 8ರಿಂದ 19ನೆಯ ದಿನದವರೆಗೆ ಬಿಳಿ, ಉಳಿದವು ಕಂದು. ಮಣಿಗಳನ್ನು ಸರಿಸುವ ಗೋಜಿಲ್ಲ. ಒಂದು ರಬ್ಬರ್ ಉಂಗುರವನ್ನು ಮುಂದೂಡುತ್ತ ಹೋಗುವುದು, ಯಾವ ದಿಕ್ಕಿಗೆಂದು ಬಾಣದ ಗುರುತು. ಬೊಲಿವಿಯ, ಪೆರು, ಫಿಲಿಪೀನ್ಸ್‌ಗಳಲ್ಲಿ ಪರೀಕ್ಷಿಸಿ 2002ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಒಂದು ವರ್ಷದಲ್ಲಿ, ತಪ್ಪದೆ ಅನುಸರಿಸಿದವರಲ್ಲಿ ನೂರಕ್ಕೆ ಸುಮಾರು 5, ಸಾಮಾನ್ಯವಾಗಿ ಬಳಸಿದವರಲ್ಲಿ ಸುಮಾರು 12 ಮಂದಿ ಗರ್ಭಿಣಿಯರಾದರು. ತಿಂಗಳ ಲೆಕ್ಕ 26ರಿಂದ 32 ದಿನಗಳ ಒಳಗೆ ಬರುವವರಿಗೆ ಮಾತ್ರ ಇದು ಹೊಂದುತ್ತದೆಂಬ ಎಚ್ಚರಿಕೆಯೂ ಅದರ ಜೊತೆಗೇ ಬಂತು. ಉತ್ತರ ಭಾರತದಲ್ಲಿ ಇದು ‘ಮಾಲಾ ಚಕ್ರ’ವೆಂಬ ಹೆಸರಿನಲ್ಲಿ ಪ್ರಚಾರವಾಯಿತು. ಈ ಸಲ ಸರದ ಜೊತೆ ಒಂದು ಪಂಚಾಂಗದ ಹಾಳೆಯೂ ಇತ್ತು, ಬರೆದ ಸೂಚನೆಯೂ ಇತ್ತು.

ರಾಮನಗರದಲ್ಲಿ ಮಣಿ ಹಿಂದುಮುಂದಾದದ್ದು, ಕತ್ತಲೆಯಲ್ಲಿ ಬಣ್ಣ ಕಾಣದೆ ಹೋದದ್ದು ನಮಗೆ ಇಂದು ಹೇಗೆ ತಿಳಿದಿದೆ? ಸರವನ್ನು ಕೊಟ್ಟವರು ಕೊಟ್ಟು ಸುಮ್ಮನಾಗಲಿಲ್ಲ. ಮತ್ತೆ ಆ ಮನೆಗೆ ಹೋದರು, ಸರವನ್ನು ತೋರಿಸೆಂದು ಕೇಳಿದರು, ಇಂದು ಯಾವ ಮಣಿ ಎಂದು ವಿಚಾರಿಸಿದರು. ತಪ್ಪು ಕಂಡದ್ದರಿಂದಲೇ ಕೊಂಡಿ ಬಂತು, ಆಕಾರ ಬದಲಾಯಿತು. ದೃಶ್ಯ ಧ್ವನಿ ಮುದ್ರಣದ ವಿಷಯದಲ್ಲಿ ಇಂದಿನ ನಿಯಮವೂ ಮಾಹಿತಿ ಕೊಟ್ಟದ್ದನ್ನು ಮಾತ್ರವಲ್ಲದೆ ರೋಗಿ ಅದನ್ನು ಅರಿತುಕೊಂಡದ್ದನ್ನೂ ದಾಖಲಿಸಬೇಕೆನ್ನುತ್ತದೆ. ಅರಿತಿರಾ ಎಂದು ಕೇಳಿದರೆ ‘ಹೂಂ’ ಎಂಬ ಉತ್ತರ ಬರುತ್ತದೆ. ಅದರ ಬೆಲೆ ನಮಗೆ ಗೊತ್ತು. ಬೇರೆ ರೀತಿ ಕೇಳಬೇಕು. ‘ಅಮ್ಮಾ, ಇವತ್ತು ಮನೆಗೆ ಹೋದ ಮೇಲೆ ಇದೇನೆಂದು ನಿಮ್ಮ ಮಗಳು ಕೇಳಿದರೆ ಏನು ಹೇಳುತ್ತೀರಿ?’ ಎನ್ನಬೇಕು. ಆಕೆ ಹೇಳಿದ್ದನ್ನು ಆಕೆಯ ಮಾತಿನಲ್ಲೇ ಬರೆದುಕೊಂಡು, ಪತ್ರದ ಪಕ್ಕಕ್ಕಿಟ್ಟು, ಎಲ್ಲಿ ಎರಡೂ ಕೂಡುವುದಿಲ್ಲವೋ ಅಲ್ಲಿ ಪತ್ರವನ್ನು ತಿದ್ದಬೇಕು.